ಲೇಕ್ ಟಾಹೋ ಸುತ್ತ ರೋಡ್ ಬೈಕ್: ಯಾವ ದಿಕ್ಕಿನಲ್ಲಿ ಸುತ್ತೋದು? ಹೋಗಿ ಬಂದವರು ಅನುಭವ ಹೇಳಿ

ನಿಧಾನಸವಾರ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಅಮೆರಿಕದ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಟಾಹೋ ಲೇಕ್ ಸುತ್ತ ಸೈಕಲ್‌ನಲ್ಲಿ ಒಂದು ಸುತ್ತು ಹಾಕಬೇಕು ಅಂದುಕೊಂಡಿದ್ದೇವೆ. ಇಬ್ಬರೂ ಸಮತಟ್ಟು ರಸ್ತೆಯಲ್ಲಿ 50 ಮೈಲಿ ಆರಾಮಾಗಿ ಓಡಿಸುತ್ತೇವೆ. ಏರು ಅಷ್ಟಾಗಿ ಅಭ್ಯಾಸ ಇಲ್ಲ. ಅವಳಿಗೆ ಪ್ರಪಾತದ ಅಂಚು ಕಂಡರೆ ಕೈಕಾಲು ನಡುಗುತ್ತದೆ. ಲೇಕ್‌ನ ನೈಋತ್ಯ ಮೂಲೆಯ ಎಮರಾಲ್ಡ್ ಬೇ ಹತ್ತಿರ ರಸ್ತೆಗೆ ತಡೆಬೇಲಿಯೇ ಇಲ್ಲ ಅಂತ ಯಾರೋ ಹೇಳಿದರು. ವಾರದ ಮಧ್ಯೆ ಎರಡು ದಿನ ರಜೆ ಸಿಗುತ್ತದೆ. ಪ್ರದಕ್ಷಿಣೆ ಹೋಗೋದಾ, ಅಪ್ರದಕ್ಷಿಣೆಯಾ? ಎಲ್ಲಿಂದ ಶುರು ಮಾಡೋದು, ಎಲ್ಲಿ ಉಳಿಯೋದು?

ಏರುಗೇರ್:
ಪ್ರದಕ್ಷಿಣೆ. ಇದರಲ್ಲಿ ಎರಡು ಮಾತೇ ಇಲ್ಲ. ದಕ್ಷಿಣ ದಂಡೆಯ ಸ್ಟೇಟ್‌ಲೈನ್ ಊರಿನಿಂದ ಬೆಳಗ್ಗೆ ಆರಕ್ಕೆ ಬಿಡಿ. ಸೌತ್ ಲೇಕ್ ಟಾಹೋ ಊರೊಳಗಿನ ಸಿಗ್ನಲ್‌ಗಳೆಲ್ಲ ಆಗ ಖಾಲಿ. 'ವೈ' ಅನ್ನುವ ಕೂಡುರಸ್ತೆ ಹತ್ತಿರ ಬಲಕ್ಕೆ ತಿರುಗಿ ಹೈವೇ 89 ಹಿಡಿದರೆ, ಪ್ರವಾಸಿಗರ ಕಾರುಗಳು ಏಳುವ ಮೊದಲೇ ಎಮರಾಲ್ಡ್ ಬೇ ಏರು ಮುಗಿದಿರುತ್ತದೆ. ನೀರು ಇಡೀ ದಿನ ನಿಮ್ಮ ಬಲಕ್ಕೇ ಇರುತ್ತದೆ. ಫೋಟೋಗೆ ನಿಲ್ಲಬೇಕು ಅಂದರೆ ಸುಮ್ನೆ ಪಕ್ಕಕ್ಕೆ ಸರಿದರೆ ಆಯಿತು, ರಸ್ತೆ ದಾಟುವ ಗೋಜಿಲ್ಲ. ಪ್ರತಿವರ್ಷ ಜೂನ್‌ನಲ್ಲಿ ನಡೆಯುವ ದೊಡ್ಡ ರೈಡ್ ಕೂಡ ಸ್ಟೇಟ್‌ಲೈನ್‌ನಿಂದ ಇದೇ ದಿಕ್ಕಿನಲ್ಲಿ ಹೋಗುತ್ತದೆ. 1992ರಿಂದ ಮಾಡುತ್ತಿರುವವರಿಗೆ ದಿಕ್ಕು ಗೊತ್ತಿಲ್ಲವಾ?

ಈಗ ಮುಖ್ಯ ವಿಷಯ, ಗೇರ್. ನನ್ನ ಬೈಕ್‌ನಲ್ಲಿ ಮುಂದಿನ ಗೇರ್ ಚಕ್ರಗಳಿಗೆ 50 ಮತ್ತು 34 ಹಲ್ಲು, ಹಿಂದಿನವಕ್ಕೆ 11ರಿಂದ 28 ಹಲ್ಲು ಇತ್ತು. ಹಿಂದೆ ಹಲ್ಲು ಹೆಚ್ಚಿದ್ದಷ್ಟೂ ಏರು ಹಗುರ. ಅಂಗಡಿಯವನನ್ನು ಕೇಳಿಯೇ ಹೋದೆ. 'ಟಾಹೋಗೆ ಇಷ್ಟು ಸಾಕು ಬಿಡಿ' ಅಂದ. ಅವನು ಟಾಹೋಗೆ ಹೋಗಿದ್ದು ಸ್ಕೀ ಮಾಡೋಕೆ ಅಂತ ಆಮೇಲೆ ಗೊತ್ತಾಯಿತು! ಇಡೀ ಸುತ್ತಿಗೆ ಸುಮಾರು 4,000 ಅಡಿ ಏರು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಅದು ದೊಡ್ಡ ಸಂಖ್ಯೆ ಅಲ್ಲ. ಆದರೆ ಟಾಹೋ ನೀರಿನ ಮಟ್ಟವೇ 6,225 ಅಡಿ. ಏರು ಅಲ್ಲಿಂದ ಶುರು. ಮೊದಲ ಹೇರ್‌ಪಿನ್ ತಿರುವಿನಲ್ಲೇ ನನ್ನ ಉಸಿರು ಬಾಯಿಗೆ ಬಂತು. ಎರಡನೆಯದರಲ್ಲಿ ಬಲ ಮೊಣಕಾಲು ಕಟಕಟ ಅಂದಿತು. ಆ ಮೊಣಕಾಲಿನಲ್ಲೇ ಪೂರ್ವ ದಂಡೆಯ ಸ್ಪೂನರ್ ಏರಿನ ತನಕ ಎಳೆದುಕೊಂಡು ಹೋದೆ.

ವಾಪಸ್ ಬಂದ ಮೇಲೆ ಆದ ಖರ್ಚು: 11-34 ಹಲ್ಲಿನ ಕ್ಯಾಸೆಟ್, ಅಂದರೆ ಹಿಂದಿನ ಗೇರ್ ಚಕ್ರಗಳ ಗುಂಪು, 78 ಡಾಲರ್. ಗೇರ್ ಬದಲಿಸುವ ಹಳೇ ಡಿರೇಲರ್‌ಗೆ 34 ಹಲ್ಲು ಹಿಡಿಯೋದಿಲ್ಲ, ಹಾಗಾಗಿ ಉದ್ದ ಕೇಜ್‌ನದು 92. ಚೈನು ಚಿಕ್ಕದಾಯಿತು ಅಂತ ಹೊಸದು 38. ಕೂಲಿ 60. ಒಟ್ಟು 268, ಮೇಲೆ ತೆರಿಗೆ. ಫಿಸಿಯೋಥೆರಪಿಗೆ ವಿಮೆ ಇದ್ದರೂ ಪ್ರತಿ ಸಲ ಕೈಯಿಂದ 40 ಕೋ-ಪೇ ಬೇರೆ. ಇಷ್ಟೆಲ್ಲ ಆದ ಮೇಲೆ ಅದೇ ಅಂಗಡಿಯವನು 'ಓ, 34 ಹಾಕಿದ್ದು ಒಳ್ಳೇದಾಯಿತು' ಅಂತಾನೆ.

ಗಾಳಿಗೆದುರು:
ಏರುಗೇರ್ ಅವರೇ, ಎರಡು ಮಾತಿಲ್ಲ ಅಂದಿರಲ್ಲ, ಎರಡನೇ ಮಾತು ನಾನು ಹೇಳುತ್ತೇನೆ. ಪ್ರದಕ್ಷಿಣೆ ಮಾಡಿ ಕೆಟ್ಟವನು ನಾನು.

ಟಾಹೋದಲ್ಲಿ ಬೆಳಗ್ಗೆ ನೀರು ಕನ್ನಡಿ. ಮಧ್ಯಾಹ್ನ ಆಗುತ್ತಿದ್ದ ಹಾಗೆ ನೈಋತ್ಯದಿಂದ ಗಾಳಿ ಏಳುತ್ತದೆ. ಪ್ರದಕ್ಷಿಣೆ ಹಾಕುವವರು ಆ ಹೊತ್ತಿಗೆ ಎಲ್ಲಿರುತ್ತಾರೆ? ಪೂರ್ವ ದಂಡೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿಕೊಂಡು. ಅಂದರೆ ದಿನದ ಕೊನೆ ಭಾಗ, ಕಾಲು ಸೋತ ಹೊತ್ತು, ಗಾಳಿ ಎದುರಿಗೆ. ಸ್ಪೂನರ್ ಹತ್ತಿ ಮುಗಿಸಿ 'ಇನ್ನು ಬರೀ ಇಳಿಜಾರು' ಅಂತ ಖುಷಿಪಟ್ಟೆ. ಗ್ಲೆನ್‌ಬ್ರೂಕ್ ಕಡೆ ಇಳಿಯುವಾಗ ಪೆಡಲ್ ತುಳಿಯದೇ ಇದ್ದರೆ ಬೈಕ್ ಮುಂದಕ್ಕೇ ಹೋಗುತ್ತಿಲ್ಲ. ಅದೂ ಹೈವೇ 50. ನಾಲ್ಕು ಲೇನು, ಪಕ್ಕದಲ್ಲಿ ಟ್ರಕ್ಕು. ಟ್ರಕ್ಕು ಹೋದಾಗ ಒಂದು ಸಲ ಗಾಳಿ ನಿಲ್ಲುತ್ತದೆ, ಮರುಕ್ಷಣ ಅಡ್ಡ ಬಡಿಯುತ್ತದೆ.

ಆ ಟ್ರಿಪ್‌ಗೆ ಅಂತಲೇ 60 ಎಂಎಂ ಆಳದ ರಿಮ್ ಇರುವ ಕಾರ್ಬನ್ ವೀಲ್‌ಸೆಟ್ ತಗೊಂಡಿದ್ದೆ. 1,450 ಡಾಲರ್, ಅದೂ ಸೇಲ್‌ನಲ್ಲಿ. ವಾಲ್ವ್ ಎಕ್ಸ್‌ಟೆಂಡರ್ 14. ಕಾರ್ಬನ್‌ಗೆ ಬೇರೆಯದೇ ಬ್ರೇಕ್ ಪ್ಯಾಡ್ 48. ಅಡ್ಡಗಾಳಿಗೆ ಮುಂದಿನ ಚಕ್ರ ಹ್ಯಾಂಡಲ್ ಕಿತ್ತುಕೊಳ್ಳುತ್ತಿತ್ತು. ಜೆಫರ್ ಕೋವ್‌ನಲ್ಲಿ ಇಳಿದು ನಿಂತೆ. ಕೈ ನಡುಕ ನಿಲ್ಲುವ ತನಕ ಹೊರಡಲಿಲ್ಲ. ಆ ವೀಲ್‌ಗಳನ್ನು 600ಕ್ಕೆ ಮಾರಿದೆ. ತಗೊಂಡವನು ಇನ್ನೂ ನನಗೆ ಮೆಸೇಜ್ ಮಾಡುತ್ತಾನೆ, ಬ್ರೇಕ್ ಹಾಕಿದರೆ ಕಿರುಚುತ್ತದೆ ಅಂತ.

ಅಪ್ರದಕ್ಷಿಣೆ ಹೋಗಿ. ಅದೇ ಗಾಳಿ ಪೂರ್ವ ದಂಡೆಯಲ್ಲಿ ನಿಮ್ಮನ್ನು ಹಿಂದಿನಿಂದ ತಳ್ಳುತ್ತದೆ.

ಏರುಗೇರ್:
ಗಾಳಿಗೆದುರು ಅವರೇ, 60 ಎಂಎಂ ರಿಮ್ ಹಾಕಿಕೊಂಡು ಬೆಟ್ಟದ ಲೇಕ್‌ಗೆ ಹೋಗಿ ಎಂದು ದಿಕ್ಕು ಹೇಳಿತಾ? ಅಪ್ರದಕ್ಷಿಣೆ ಹೋದರೆ ಏನಾಗುತ್ತದೆ ಅದನ್ನೂ ಹೇಳಿ. ಎಮರಾಲ್ಡ್ ಬೇ ಹೇರ್‌ಪಿನ್‌ಗಳನ್ನು ಇಳಿಯಬೇಕು. ಸ್ಪೂನರ್ ಅನ್ನು ಹೈವೇ 28ರ ಮೇಲಿಂದ ಹತ್ತುವ ಬದಲು ಹೈವೇ 50ರಲ್ಲೇ ಹತ್ತಬೇಕು, ಅದೇ ನಿಮ್ಮ ಟ್ರಕ್ಕುಗಳ ಜೊತೆ, ಆಮೆ ವೇಗದಲ್ಲಿ. ಕೇವ್ ರಾಕ್ ಸುರಂಗದಲ್ಲಿ ಬೆಟ್ಟದ ಒಳಗಿನ ಕೊಳವೆ ನಿಮಗೆ. ನಮಗೆ ನೀರಿನ ಪಕ್ಕದ ಕೊಳವೆ, ಅದೂ ಇಳಿಜಾರಿನ ವೇಗ ಕೈಯಲ್ಲಿ ಇಟ್ಟುಕೊಂಡು. ಅದೆಲ್ಲ ಬಿಟ್ಟು ಬರೀ ಗಾಳಿ ಗಾಳಿ.

ಮತ್ತೆ, ಆರಕ್ಕೆ ಬಿಟ್ಟಿದ್ದರೆ ಗಾಳಿ ಏಳುವ ಹೊತ್ತಿಗೆ ಮನೆ ಸೇರಿರುತ್ತಿದ್ದಿರಿ. ಎಷ್ಟಕ್ಕೆ ಬಿಟ್ಟಿರಿ?

ಗಾಳಿಗೆದುರು:
ಒಂಬತ್ತೂವರೆಗೆ. ಮೋಟೆಲ್‌ನವರು ತಿಂಡಿ ಎಂಟಕ್ಕೆ ಶುರು ಮಾಡಿದರೆ ನಾನೇನು ಮಾಡಲಿ? ರೂಮಿಗೆ 214 ಕೊಟ್ಟಿದ್ದೇನೆ, 'ತಿಂಡಿ ಸೇರಿ' ಅಂತ ಬರೆದಿತ್ತು. ಬಿಟ್ಟು ಹೋಗಬೇಕಿತ್ತಾ?

ನೀಲಿಬಾಣ:
ನಾನು ಜಪಾನ್‌ನ ಬಿವಾ ಲೇಕ್ ಸುತ್ತಿದವನು. ಅಲ್ಲಿ ಎಲ್ಲರೂ ಹೋಗೋದು ಅಪ್ರದಕ್ಷಿಣೆ. ರಸ್ತೆ ಮೇಲೇ ನೀಲಿ ಬಾಣ ಬಿಡಿಸಿದ್ದಾರೆ, ದಾರಿ ಕೇಳುವ ಹಾಗೇ ಇಲ್ಲ. ಪೂರ್ತಿ ಸುತ್ತು ಸುಮಾರು 200 ಕಿಲೋಮೀಟರ್. ಅಷ್ಟು ಬೇಡ ಅನ್ನುವವರು ಬಿವಾಕೊ ಸೇತುವೆ ಮೇಲೆ ದಾಟಿ ಉತ್ತರ ಭಾಗ ಮಾತ್ರ ಸುತ್ತುತ್ತಾರೆ. 2019ರಲ್ಲಿ ಅದನ್ನು ರಾಷ್ಟ್ರೀಯ ಸೈಕಲ್ ಮಾರ್ಗ ಅಂತಲೇ ಘೋಷಿಸಿದರು. ಬಹುತೇಕ ಸಮತಟ್ಟು. ಟಾಹೋಗೆ ಯಾಕೆ ಅಷ್ಟು ಹೊಡೆದಾಟ?

ರೈಲಿನಲ್ಲಿ ಹೋಗೋದಾದರೆ ಸೈಕಲ್ ಬಿಚ್ಚಿ ಚೀಲಕ್ಕೆ ತುಂಬಲೇಬೇಕು, ಒಂದು ಭಾಗವೂ ಹೊರಗೆ ಕಾಣಬಾರದು. ನನ್ನ ಚೀಲದ ಜಿಪ್ ಪ್ಲಾಟ್‌ಫಾರ್ಮ್ ಮೇಲೇ ಕಿತ್ತುಹೋಯಿತು. ಹೊಸ ಚೀಲ 7,800 ಯೆನ್. ಅದನ್ನು ತರುವಷ್ಟರಲ್ಲಿ ಎರಡು ರೈಲು ಹೋದವು. ಆ ಚೀಲ ಈಗ ಮನೆಯಲ್ಲಿ ಸುಮ್ನೆ ಬಿದ್ದಿದೆ.

ಒಟ್ಟಿನಲ್ಲಿ ಅಪ್ರದಕ್ಷಿಣೆಯೇ ಸರಿ. ಅನುಭವದಿಂದ ಹೇಳುತ್ತಿದ್ದೇನೆ.

ಏರುಗೇರ್:
ಸ್ವಾಮಿ, ಜಪಾನ್‌ನಲ್ಲಿ ಗಾಡಿ ಓಡೋದು ಎಡಕ್ಕೆ! ಎಡಕ್ಕೆ ಓಡಿಸುವ ಊರಲ್ಲಿ ಅಪ್ರದಕ್ಷಿಣೆ ಹೋದರೆ ನೀರು ಪಕ್ಕಕ್ಕೆ ಸಿಗುತ್ತದೆ. ಬಲಕ್ಕೆ ಓಡಿಸುವ ಊರಲ್ಲಿ ಅದೇ ಕಾರಣಕ್ಕೆ ಪ್ರದಕ್ಷಿಣೆ. ನೀವು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಧನ್ಯವಾದ.

ನೀಲಿಬಾಣ:
ಇಷ್ಟು ವ್ಯಂಗ್ಯ ಯಾಕೆ? ನಾನು ಹೋದ ಲೇಕ್ ಬಗ್ಗೆ ನಾನು ಹೇಳಿದೆ. ಇಲ್ಲಿ ಅನುಭವ ಕೇಳಿದ್ದಾರೆ, ಜಗಳ ಕೇಳಿಲ್ಲ.

ಸೀಟಿಲ್ಲದಕಾರು:
ಎಲ್ಲರೂ ದಿಕ್ಕು ದಿಕ್ಕು ಅನ್ನುತ್ತಿದ್ದೀರಿ. ಕಾರು ಎಲ್ಲಿ ನಿಲ್ಲಿಸುತ್ತೀರಿ ಅನ್ನೋದನ್ನು ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ಕೇಳಿ.

ಪಶ್ಚಿಮ ದಂಡೆಯಲ್ಲಿ ಒಂದು ಬಾಡಿಗೆ ಕ್ಯಾಬಿನ್. ಕಾರನ್ನು ಡ್ರೈವ್‌ವೇಯಲ್ಲಿ ಬಿಟ್ಟೆವು. ಮರುದಿನ ಬೆಳಗ್ಗೆ ಬೇಗ ಹೊರಡಬೇಕು ಅಂತ ಸೈಕಲ್ ಶೂ, ಹೆಲ್ಮೆಟ್, ಎಲ್ಲ ರಾತ್ರಿಯೇ ಕಾರಿಗೆ ತುಂಬಿದೆವು. ಮೂರು ಗಂಟೆಗೆ ಹಾರ್ನ್ ಶಬ್ದ. ಕಳ್ಳ ಅಂದುಕೊಂಡು ಟಾರ್ಚ್ ಬಿಟ್ಟರೆ, ಡ್ರೈವರ್ ಸೀಟಿನಲ್ಲಿ ಕರಡಿ. ಟಾಹೋ ಕರಡಿಗಳಿಗೆ ಬಾಗಿಲ ಹಿಡಿ ಎಳೆಯೋಕೆ ಬರುತ್ತದೆ. ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿಕೊಂಡರೆ ಹೊರಗೆ ಬರೋಕೆ ಬರೋದಿಲ್ಲ. ಆಗ ಗಾಬರಿಗೆ ಸಿಕ್ಕಿದ್ದನ್ನೆಲ್ಲ ಹರಿಯುತ್ತದೆ.

ಶೆರಿಫ್ ಕಡೆಯವರು ಬಂದು ದೂರದಿಂದ ಹಗ್ಗ ಕಟ್ಟಿ ಬಾಗಿಲು ಎಳೆದು ತೆಗೆದರು. ಅದು ಕಾಡಿಗೆ ಓಡಿತು. ಒಳಗೆ ಉಳಿದಿದ್ದು: ಸೀಟಿನ ಸ್ಪಂಜು ಚೂರುಚೂರು, ಬಾಗಿಲ ಒಳಗಿನ ಪ್ಯಾನಲ್ ಇಲ್ಲ, ಸ್ಟೀರಿಂಗ್ ಮೇಲೆ ಹಲ್ಲಿನ ಗುರುತು, ರೂಫ್ ಲೈನಿಂಗ್ ಜೋತಾಡುತ್ತಿದೆ. ವಾಸನೆ ಬಗ್ಗೆ ಕೇಳಬೇಡಿ. ಹೆಂಡತಿಯ ಒಂದು ಶೂ ಇವತ್ತಿಗೂ ಸಿಕ್ಕಿಲ್ಲ. 180 ಡಾಲರ್ ಶೂ, ಒಂದೇ ಕಾಲಿನದು ಯಾರೂ ಮಾರೋದಿಲ್ಲ.

ವಿಮೆಯಲ್ಲಿ ಕಾಂಪ್ರಹೆನ್ಸಿವ್ ಇತ್ತು. ಡಿಡಕ್ಟಿಬಲ್ 500 ನಮ್ಮ ತಲೆ ಮೇಲೆ. ಟೋ ಮಾಡಿಸೋಕೆ 390, ಅದರಲ್ಲಿ 100 ಮಾತ್ರ ಅವರು ಕೊಟ್ಟರು. ವಾಪಸ್ ಬರೋಕೆ ಬಾಡಿಗೆ ಕಾರು, ಒನ್ ವೇ ಅಂತ 265. ಅದಕ್ಕೆ ಎರಡು ಸೈಕಲ್ ಹಿಡಿಸಲ್ಲ ಅಂತ ದೊಡ್ಡದು ತಗೊಂಡಿದ್ದಕ್ಕೆ ಮತ್ತೆ 70. ಕೊನೆಗೆ ವಿಮೆಯವರು ಕಾರು ರಿಪೇರಿಗೆ ಲಾಯಕ್ಕಿಲ್ಲ ಅಂತ ಟೋಟಲ್ ಮಾಡಿದರು. ನಾಲ್ಕು ಹೊಸ ಟೈರ್ ಹಾಕಿಸಿ ಮೂರು ವಾರ ಆಗಿರಲಿಲ್ಲ.

ಸೈಕಲ್? ಪೆಡಲ್ ಮೇಲೆ ಕಾಲಿಡಲೇ ಇಲ್ಲ.

ಗಾಳಿಗೆದುರು:
ಕಾರಿನಲ್ಲಿ ತಿನ್ನುವ ಪದಾರ್ಥ ಇಟ್ಟಿದ್ದಿರಾ?

ಸೀಟಿಲ್ಲದಕಾರು:
ಇಲ್ಲ! ಇದನ್ನೇ ಎಲ್ಲರೂ ಕೇಳುತ್ತಾರೆ. ವಿಮೆಯವರು ಕೇಳಿದರು, ಶೆರಿಫ್ ಕೇಳಿದರು, ನಮ್ಮ ಅತ್ತೆಯೂ ಕೇಳಿದರು. ಜರ್ಸಿ ಜೇಬಿನಲ್ಲಿ ಎನರ್ಜಿ ಬಾರ್‌ದು ಖಾಲಿ ಕವರ್ ಇತ್ತು, ಅಷ್ಟೇ. ಖಾಲಿ ಕವರ್ ಊಟವಾ?

ಏರುಗೇರ್:
ಕರಡಿಗೆ ಹೌದು. ಅಲ್ಲಿ ಎಲ್ಲ ಕಡೆ ಬೋರ್ಡ್ ಹಾಕಿದ್ದಾರೆ. ಮನೆಮನೆ ಮುಂದೆ ಕರಡಿ ತೆರೆಯಲಾರದ ಕಬ್ಬಿಣದ ಪೆಟ್ಟಿಗೆ, ಬೇರ್ ಬಾಕ್ಸ್, ಇಟ್ಟಿರೋದು ಅಂದಕ್ಕಲ್ಲ. ಸನ್‌ಸ್ಕ್ರೀನ್ ವಾಸನೆಗೂ ಬರುತ್ತದೆ. ಬಾಗಿಲು ಲಾಕ್ ಮಾಡಿದ್ದಿರಾ?

ಸೀಟಿಲ್ಲದಕಾರು:
ಲಾಕ್ ಮಾಡಿದ್ದರೆ ಗಾಜು ಒಡೆಯುತ್ತಿತ್ತು. ನಿಮಗೆ ಕರಡಿ ಸಿಕ್ಕಿಲ್ಲ, ಅದಕ್ಕೇ ಈ ಮಾತು.

ನಿಧಾನಸವಾರ:
ಎಲ್ಲರಿಗೂ ಧನ್ಯವಾದ. ಕರಡಿ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ, ಒಳ್ಳೇದಾಯಿತು. ಆದರೆ ಅಂಚಿನ ಭಯದ ಬಗ್ಗೆ ಯಾರಾದರೂ ಹೇಳುತ್ತೀರಾ? ಮತ್ತೆ ಎರಡು ದಿನಕ್ಕೆ ಒಡೆಯೋದು ಹೇಗೆ? ನಮ್ಮ ಬಳಿ 25 ಎಂಎಂ ಟೈರ್ ಇದೆ, ಸಾಕಾ?

ಬ್ಯಾಟರಿಅಕ್ಕ:
ಎರಡು ದಿನಕ್ಕೆ ಒಡೆದು ಮಾಡಿದವಳು ನಾನು, ಹೇಳುತ್ತೇನೆ. ಇ-ಬೈಕ್‌ನಲ್ಲಿ. ಹೌದು, ಇ-ಬೈಕ್. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯೋದು ಬೇಡ.

ಶುರು ಮಾಡಿದ್ದು ಸೌತ್ ಲೇಕ್ ಟಾಹೋದಿಂದ, ಪ್ರದಕ್ಷಿಣೆ. ಪೋಪ್ ಬೀಚ್, ಬಾಲ್ಡ್‌ವಿನ್ ಬೀಚ್ ಕಡೆ ಮರಗಳ ಮಧ್ಯೆ ಸೈಕಲ್ ದಾರಿ ಇದೆ, ಏರು ಶುರುವಾಗುವ ಮುಂಚೆ ಮುಗಿಯುತ್ತದೆ. ಎಮರಾಲ್ಡ್ ಬೇ ಹತ್ತುವಾಗ ನನ್ನ ಗಂಡ ರೋಡ್ ಬೈಕ್‌ನಲ್ಲಿ ಏದುಸಿರು ಬಿಡುತ್ತಿದ್ದರು. ನಾನು ಮೇಲೆ ನಿಂತು ಫ್ಯಾನೆಟ್ ದ್ವೀಪದ ಫೋಟೋ ತೆಗೆದೆ, ಅವರದೂ ತೆಗೆದೆ. ಬೇ ಬಿಟ್ಟ ಮೇಲೂ ಡಿ.ಎಲ್. ಬ್ಲಿಸ್ ಪಾರ್ಕ್ ತನಕ ಏರು ಇದೆ, ಅದನ್ನು ಯಾರೂ ಹೇಳೋದಿಲ್ಲ. ಆಮೇಲೆ ಮೀಕ್ಸ್ ಬೇಗೆ ಇಳಿದರೆ ಅಲ್ಲಿಂದ ಟಾಹೋ ಸಿಟಿವರೆಗೆ ಸೈಕಲ್ ದಾರಿ. ಉಳಿದದ್ದು ಟಾಹೋ ಸಿಟಿಯಲ್ಲಿ. ಸುಮಾರು 30 ಮೈಲಿ ಆಗುತ್ತದೆ, ಹದವಾಗಿದೆ.

ಎರಡನೇ ದಿನ ಕೆಟ್ಟಿತು. ಬಾಡಿಗೆ ಅಂಗಡಿಯವರು 500 ವಾಟ್-ಅವರ್ ಬ್ಯಾಟರಿ, 'ಇಡೀ ಲೇಕ್ ಸುತ್ತಬಹುದು' ಅಂದಿದ್ದರು. ದಿನಕ್ಕೆ 95 ಡಾಲರ್, ಎರಡು ದಿನಕ್ಕೆ 190, ಡ್ಯಾಮೇಜ್ ಕವರ್ 24. ರಾತ್ರಿ ಚಾರ್ಜ್‌ಗೆ ಹಾಕಿದೆ. ಮೋಟೆಲ್‌ನವರು ರೂಮೊಳಗೆ ಬ್ಯಾಟರಿ ಚಾರ್ಜ್ ಮಾಡಬಾರದು ಅಂತ ಆಫೀಸಿನಲ್ಲಿ ಹಾಕಿಸಿದರು. ರಾತ್ರಿ ಆಫೀಸ್ ಮುಚ್ಚುವಾಗ ಯಾರೋ ಪವರ್ ಸ್ಟ್ರಿಪ್ ಆರಿಸಿದ್ದಾರೆ. ಬೆಳಗ್ಗೆ 62 ಶೇಕಡಾ! ಡಾಲರ್ ಹಿಲ್ ಅನ್ನುವ ಏರಿನಲ್ಲಿ ಚಾರ್ಜ್ ಸ್ವಲ್ಪ ಹೋಯಿತು, ಕ್ರಿಸ್ಟಲ್ ಬೇ ಏರಿನಲ್ಲಿ ಸ್ವಲ್ಪ. ಇನ್‌ಕ್ಲೈನ್ ವಿಲೇಜ್‌ನಿಂದ ಸ್ಯಾಂಡ್ ಹಾರ್ಬರ್‌ಗೆ 2019ರಲ್ಲಿ ಮಾಡಿದ ಮೂರು ಮೈಲಿ ದಾರಿ ಇದೆಯಲ್ಲ, ನೀರಿನ ಮೇಲೇ ಹೋದ ಹಾಗೆ ಇರುತ್ತದೆ, ಅಲ್ಲಿ ಮೋಟರ್ ಆಫ್ ಮಾಡಿ ಉಳಿಸಿದೆ. ಆದರೂ ಸ್ಪೂನರ್ ಏರಿನ ಅರ್ಧದಲ್ಲಿ ಬ್ಯಾಟರಿ ಸತ್ತಿತು. 50 ಪೌಂಡ್ ಬೈಕ್. ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲದ ರಸ್ತೆ. ತಳ್ಳಿಕೊಂಡು ಹೋದೆ. ಆ ಬ್ಯಾಟರಿ ಹಳೇದಿರಬೇಕು. ಅಂಗಡಿಯವರು ಒಪ್ಪಲಿಲ್ಲ. 20 ಡಾಲರ್ ಕೂಪನ್ ಕೊಟ್ಟರು, ಮುಂದಿನ ಸಲಕ್ಕೆ.

ಅಷ್ಟಾದರೂ ಮತ್ತೆ ಹೋದರೆ ಇ-ಬೈಕೇ.

ಏರುಗೇರ್:
ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಮೋಟರ್ ಹಾಕಿಕೊಂಡು ಹೋಗಿದ್ದನ್ನು 'ಸುತ್ತಿದೆ' ಅನ್ನೋದಾ? ರೋಡ್ ಬೈಕ್ ಬಗ್ಗೆ ಕೇಳಿದ್ದಾರೆ.

ಬ್ಯಾಟರಿಅಕ್ಕ:
ಬೇಜಾರಾಯಿತು. ಸ್ಪೂನರ್‌ನ ಅರ್ಧ ಏರು 50 ಪೌಂಡ್ ತಳ್ಳಿದ್ದೇನೆ. ನಿಮ್ಮ ಬೈಕ್ ಎಷ್ಟು? 17? ನೀವು ಒಂದು ಸಲ ನನ್ನದನ್ನು ತಳ್ಳಿ ತೋರಿಸಿ, ಆಮೇಲೆ 34 ಹಲ್ಲಿನ ಮಾತಾಡೋಣ.

ಗಾಳಿಗೆದುರು:
ಅಕ್ಕ ಹೇಳಿದ್ದು ಸರಿ. ಆದರೆ ಒಂದು ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸ್ 3, ಅಂದರೆ ಗಂಟೆಗೆ 28 ಮೈಲಿ ವೇಗದವರೆಗೆ ಮೋಟರ್ ಸಹಾಯ ಕೊಡುವ ಇ-ಬೈಕ್, ಸಾಮಾನ್ಯವಾಗಿ ಸೈಕಲ್ ದಾರಿಯಲ್ಲಿ ಹೋಗುವ ಹಾಗಿಲ್ಲ, ಸ್ಥಳೀಯ ಆಡಳಿತ ಅನುಮತಿ ಕೊಟ್ಟಿದ್ದರೆ ಹೋಗಬಹುದು. ನಿಮ್ಮದು ಯಾವ ಕ್ಲಾಸ್?

ಬ್ಯಾಟರಿಅಕ್ಕ:
ಕ್ಲಾಸ್ 1. ಸ್ಟಿಕ್ಕರ್ ಫೋಟೋ ಹಾಕಲಾ? ನೀವು ಮೊದಲು ಆ ವೀಲ್ ತಗೊಂಡ ಹುಡುಗನಿಗೆ ಉತ್ತರ ಕೊಡಿ.

ಹೊಗೆ2021:
ಸೆಪ್ಟೆಂಬರ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸೆಪ್ಟೆಂಬರ್ ಒಳ್ಳೆ ತಿಂಗಳು ಅಂತ ಎಲ್ಲರೂ ಹೇಳುತ್ತಾರೆ. ಶಾಲೆ ಶುರುವಾಗಿರುತ್ತದೆ, ರಸ್ತೆ ಖಾಲಿ, ಬೇಸಿಗೆಯ ಗುಡುಗು ಮಳೆ ಕಮ್ಮಿ. ಎಲ್ಲ ನಿಜ. ಕಾಡ್ಗಿಚ್ಚಿನ ಹೊಗೆ ಬಗ್ಗೆ ಯಾರೂ ಹೇಳೋದಿಲ್ಲ.

2021ರಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಯ ವಾರಕ್ಕೆ ಉತ್ತರ ದಂಡೆಯಲ್ಲಿ ಮನೆ ಹಿಡಿದೆ. ಮೂರು ರಾತ್ರಿಗೆ 867 ಡಾಲರ್, ಸ್ವಚ್ಛತೆಗೆ 175, ಸರ್ವಿಸ್ ಫೀ 121, ತೆರಿಗೆ ಬೇರೆ. ಆಗಸ್ಟ್ ಮಧ್ಯದಲ್ಲಿ ಕಾಲ್ಡೋರ್ ಅನ್ನುವ ಕಾಡ್ಗಿಚ್ಚು ಹತ್ತಿತು. ಆಗಸ್ಟ್ 30ಕ್ಕೆ ಸೌತ್ ಲೇಕ್ ಟಾಹೋ ಊರಿಗೆ ಊರೇ ಖಾಲಿ ಮಾಡಿಸಿದರು. ಹೈವೇ 50ರಲ್ಲಿ ಕಾರುಗಳ ಸಾಲು ನಿಂತಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನಾನು ಆ ಬಾಡಿಗೆ ಮನೆಯ ಮಾಲೀಕರಿಗೆ ಫೋನ್ ಮಾಡಿದೆ. 'ನಮ್ಮ ದಂಡೆಗೆ ತೆರವು ಆದೇಶ ಬಂದಿಲ್ಲ, ಮನೆ ತೆರೆದೇ ಇದೆ, ಬನ್ನಿ' ಅಂದರು. ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಎಕ್ಯುಐ 300 ದಾಟಿದ ದಿನಗಳು ಅವು! ಅಲ್ಲಿ ಸೈಕಲ್ ಓಡಿಸೋದಾ?

ಒಂದು ಪೈಸೆ ವಾಪಸ್ ಬರಲಿಲ್ಲ. ಕ್ರೆಡಿಟ್ ಕಾರ್ಡ್‌ನವರ ಹತ್ತಿರ ಡಿಸ್ಪ್ಯೂಟ್ ಹಾಕಿದೆ. ಮನೆ ಲಭ್ಯ ಇತ್ತು, ನೀವೇ ಹೋಗಲಿಲ್ಲ ಅಂತ ಅವರೂ ಕೈ ಎತ್ತಿದರು. ಸ್ವಚ್ಛತೆಯ 175 ಆದರೂ ಕೊಡಿ, ಯಾರೂ ಉಳಿಯದ ಮನೆಗೆ ಎಂಥ ಸ್ವಚ್ಛತೆ ಅಂತ ಕೇಳಿದೆ. 'ಬೂದಿ ಬಿದ್ದಿತ್ತು, ಗುಡಿಸಿದೆವು' ಅಂತ ಉತ್ತರ.

ಕ್ಯಾನ್ಸಲ್ ಮಾಡಬಹುದಾದ ರೂಮೇ ತಗೊಳ್ಳಿ. 30 ಡಾಲರ್ ಜಾಸ್ತಿ ಆಗಲಿ.

ನೀಲಿಬಾಣ:
ಬಿವಾದಲ್ಲಿ ಕಾಡ್ಗಿಚ್ಚು ಇಲ್ಲ, ಕರಡಿ ಕಾರೊಳಗೆ ಬರೋದಿಲ್ಲ.

ಏರುಗೇರ್:
ಹಾಗಾದರೆ ಟೈಫೂನ್ ಕಾಲ ಯಾವುದು, ಅದನ್ನೂ ಹೇಳಿಬಿಡಿ. ಸೆಪ್ಟೆಂಬರೇ ಅಲ್ವಾ?

ಬಂಡೆಪಕ್ಕ:
ನಿಧಾನಸವಾರ ಅವರೇ, ನಿಮ್ಮ ಮನೆಯವರ ಹಾಗೇ ನಾನೂ. ಎತ್ತರದ ಸೇತುವೆ ಮೇಲೆ ಕಾರಿನಲ್ಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಇವರು ಜಗಳ ಆಡುತ್ತಿರುವ ಪ್ರದಕ್ಷಿಣೆ, ಅಪ್ರದಕ್ಷಿಣೆಯಲ್ಲಿ ನಮ್ಮಂಥವರಿಗೆ ಬೇಕಾದ್ದು ಒಂದೇ. ಪ್ರದಕ್ಷಿಣೆ ಹೋದರೆ ಎಮರಾಲ್ಡ್ ಬೇಯಲ್ಲಿ ಪ್ರಪಾತ ನಿಮ್ಮ ಬಲ ಮೊಣಕೈ ಪಕ್ಕ. ಬಿಳಿ ಗೆರೆ, ಆಮೇಲೆ ಒಂದಿಷ್ಟು ಮಣ್ಣು, ಆಮೇಲೆ ಏನೂ ಇಲ್ಲ. ಅಪ್ರದಕ್ಷಿಣೆ ಹೋದರೆ ನೀವು ಬಂಡೆಯ ಪಕ್ಕ, ಮಧ್ಯೆ ಒಂದು ಲೇನ್ ದೂರ ಇರುತ್ತದೆ. ಆದರೆ ಕ್ಯಾಸ್ಕೇಡ್ ಲೇಕ್‌ಗೂ ಎಮರಾಲ್ಡ್ ಬೇಗೂ ನಡುವೆ ಗುಡ್ಡದ ಕಿರಿದಾದ ನೆತ್ತಿಯ ಮೇಲೆ ರಸ್ತೆ ಹೋಗುವ ಜಾಗದಲ್ಲಿ ಎರಡೂ ಕಡೆ ಇಳಿಜಾರೇ. ಅಲ್ಲಿ ದಿಕ್ಕು ಬದಲಿಸಿ ಪ್ರಯೋಜನ ಇಲ್ಲ.

ನಾನು ಮೊದಲು ಗಂಡನ ಮಾತು ಕೇಳಿ ಪ್ರದಕ್ಷಿಣೆ ಹೋದೆ. 'ಮುಂದೆ ನೋಡು, ಪಕ್ಕಕ್ಕೆ ನೋಡಬೇಡ' ಅಂದರು. ಏರಿನಲ್ಲಿ ವೇಗ ಇರೋದಿಲ್ಲ, ಬೈಕ್ ಆ ಕಡೆ ಈ ಕಡೆ ತೂಗಾಡುತ್ತದೆ. ಇಳಿದುಬಿಟ್ಟೆ. ಸೈಕಲ್ ಶೂನಲ್ಲಿ ಡಾಂಬರಿನ ಮೇಲೆ ಜಾರುತ್ತಾ ನಡೆದೆ. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನ್ ಮಾಡಲಿಲ್ಲ, ಅದೇ ಇನ್ನೂ ಹೆಚ್ಚು ನಾಚಿಕೆ. ಪೆಡಲ್‌ಗೆ ಸಿಕ್ಕಿಸುವ, ಶೂ ಕೆಳಗಿನ ಕ್ಲೀಟ್ ಎರಡೂ ಸವೆದು ಹೋದವು, 27 ಡಾಲರ್. ಗಂಡನ ಜೊತೆ ಟಾಹೋ ಸಿಟಿ ಬರುವ ತನಕ ಮಾತಾಡಲಿಲ್ಲ.

ಈಗ ನಾವು ಹೋದರೆ ಸುತ್ತೋದೇ ಇಲ್ಲ. ಟಾಹೋ ಸಿಟಿಯಲ್ಲಿ ಉಳಿಯುತ್ತೇವೆ. ಒಂದು ದಿನ ದಕ್ಷಿಣಕ್ಕೆ ಸೈಕಲ್ ದಾರಿಯಲ್ಲಿ ಮೀಕ್ಸ್ ಬೇವರೆಗೆ ಹೋಗಿ ವಾಪಸ್. ಇನ್ನೊಂದು ದಿನ ಕಿಂಗ್ಸ್ ಬೀಚ್ ದಾಟಿ ಇನ್‌ಕ್ಲೈನ್, ಅಲ್ಲಿ ಲೇಕ್‌ಶೋರ್ ಬುಲೆವಾರ್ಡ್ ಪಕ್ಕದ ದಾರಿ, ಆಮೇಲೆ ಸ್ಯಾಂಡ್ ಹಾರ್ಬರ್. ವಾರದ ದಿನ ಹೋದರೆ ಆ ದಾರಿಯಲ್ಲಿ ಜನ ಕಮ್ಮಿ. ಸ್ಯಾಂಡ್ ಹಾರ್ಬರ್‌ನಲ್ಲೇ ತಿರುಗಿ. ಅದರ ಮುಂದೆ ಮತ್ತೆ ಹೈವೇ. ಎಮರಾಲ್ಡ್ ಬೇ ನೋಡಬೇಕು ಅಂದರೆ ಬೆಳಗ್ಗೆ ಏಳಕ್ಕೆ ಕಾರಿನಲ್ಲಿ ಹೋಗಿ, ಪಾರ್ಕಿಂಗ್ ಸಿಗುತ್ತದೆ.

25 ಎಂಎಂ ಟೈರ್ ಸಾಕು. ಆದರೆ 28 ಹಿಡಿಸುವ ಹಾಗಿದ್ದರೆ ಹಾಕಿಸಿ. ಚಳಿಗಾಲದ ಹಿಮ, ಹಿಮ ತಳ್ಳುವ ಪ್ಲೌ, ಕಾರಿನ ಟೈರಿಗೆ ಕಟ್ಟುವ ಚೈನು ಎಲ್ಲ ಸೇರಿ ಅಲ್ಲಿನ ಡಾಂಬರು ಬಿರುಕು ಬಿಟ್ಟಿರುತ್ತದೆ.

ಏರುಗೇರ್:
ಸುತ್ತದೇ ಇದ್ದರೆ ಟಾಹೋಗೆ ಹೋಗೋದು ಯಾಕೆ?

ಬಂಡೆಪಕ್ಕ:
ಮೊಣಕಾಲು ಕಟಕಟ ಅನ್ನಿಸದೇ ವಾಪಸ್ ಬರೋಕೆ.

ನಿಧಾನಸವಾರ:
ಬಂಡೆಪಕ್ಕ ಅವರೇ, ತುಂಬಾ ಥ್ಯಾಂಕ್ಸ್. ಅವಳಿಗೆ ಓದಿ ಹೇಳಿದೆ, ಟಾಹೋ ಸಿಟಿ ಅಂತ ನಿರ್ಧಾರ ಆಯಿತು. ನನಗೆ ಒಬ್ಬನೇ ಒಂದು ಬೆಳಗ್ಗೆ ಎಮರಾಲ್ಡ್ ಬೇ ಹತ್ತಿ ಬರೋಕೆ ಅನುಮತಿಯೂ ಸಿಕ್ಕಿದೆ. ಕಾರಿಗೆ ರ‍್ಯಾಕ್ ಬೇಕು. ಟ್ರಂಕ್‌ಗೆ ಬೆಲ್ಟ್ ಕಟ್ಟುವಂಥದ್ದು ಸಾಕಾ?

ಸೀಟಿಲ್ಲದಕಾರು:
ಬೆಲ್ಟಿನದು ಬೇಡವೇ ಬೇಡ. ಹೈವೇ 50ರಲ್ಲಿ ಎಕೋ ಸಮಿಟ್ ಇಳಿಯುವಾಗ ನಮ್ಮದು ಅಲ್ಲಾಡಿ ಹಿಂದಿನ ಗಾಜಿಗೆ ಗೀರು ಬಿತ್ತು. ಕಾರಿನ ಹಿಂದಿನ ಹಿಚ್ ಕೊಂಡಿಗೆ ಸಿಕ್ಕಿಸುವ ಹಿಚ್ ರ‍್ಯಾಕ್ ತಗೊಳ್ಳಿ.

ಗಾಳಿಗೆದುರು:
ಬೆಲ್ಟಿನದರಲ್ಲಿ ನಾನು ವರ್ಷಗಟ್ಟಲೆ ಓಡಾಡಿದ್ದೇನೆ, ಏನೂ ಆಗಿಲ್ಲ. ಬಿಗಿಯಾಗಿ ಕಟ್ಟೋಕೆ ಬರಬೇಕು ಅಷ್ಟೇ. ಅಂದ ಹಾಗೆ ನನ್ನ ಹತ್ತಿರ ಎರಡು ಬೈಕ್‌ನ ಹಿಚ್ ರ‍್ಯಾಕ್ ಸುಮ್ನೆ ಬಿದ್ದಿದೆ. 380ಕ್ಕೆ ತಗೊಂಡಿದ್ದು, 200ಕ್ಕೆ ಕೊಡುತ್ತೇನೆ.

ಬ್ಯಾಟರಿಅಕ್ಕ:
ಎಷ್ಟು ತೂಕ ತಡೆಯುತ್ತದೆ? ಒಂದೊಂದು ಬೈಕ್‌ಗೆ 60 ಪೌಂಡ್ ಬೇಕು ನನಗೆ.

ಗಾಳಿಗೆದುರು:
35.

ಬ್ಯಾಟರಿಅಕ್ಕ:
ಅದಕ್ಕೇ ಬಿದ್ದಿದೆ.

ನಿಧಾನಸವಾರ:
ನಮಗೆ 35 ಸಾಕು. ಹಿಚ್ 1.25 ಇಂಚಿನದಾ, 2 ಇಂಚಿನದಾ?

ಗಾಳಿಗೆದುರು:
2 ಇಂಚು. 1.25ಕ್ಕೆ ಅಡಾಪ್ಟರ್ ಬೇಕು ಅಂದರೆ ಅದು ಬೇರೆ 35 ಡಾಲರ್. ಅದೂ ನನ್ನ ಹತ್ತಿರ ಇದೆ.